ದೊಡ್ಡಪ್ಪನಿಗೆ ಕೇಳದ ಉಸಿರು

ಹೋಳೂರಿನ ನಮ್ಮ ದೊಡ್ಡಪ್ಪ ಆವಲಪ್ಪ ಕಪಿಲೆ ಹೊಡೆದು ಬಾವಿಯಿಂದ ನೀರೆತ್ತುತ್ತಿದ್ದರು. ೧೯೩೯ರಲ್ಲಿ ಊರಿಗೆ ಬಂದ ಸನ್ಯಾಸಿಯೊಬ್ಬರಿಂದ ಪ್ರಾಣಾಯಾಮ ಕಲಿತರು. ಆಮೇಲೆ ಎತ್ತು ಹಿಂದೆ ಸರಿದು ತೊಗಲಿನ ಚೀಲ ಬಾವಿಗಿಳಿಯುವಾಗ ಉಸಿರೆಳೆದುಕೊಳ್ಳೋರು, ನೀರು ಮೇಲೆ ಬರುವಾಗ ಬಿಡೋರು. “ಕೆಲಸವೂ ಯೋಗವೇ ಕಣೋ,” ಅನ್ನೋರು. ಎತ್ತಿನ ಉಸಿರು ಒಂಚೂರು ಬದಲಾದರೂ ಕಪಿಲೆ ನಿಲ್ಲಿಸಿ, ಅದನ್ನು ನೆರಳಿಗೆ ಕಟ್ಟೋರು. ಊರೆಲ್ಲ ಹೊಗಳುತ್ತಿತ್ತು. ನನಗೆ ಮಾತ್ರ ಹೊಗಳೋಕೆ ಬಾಯಿ ಬರಲ್ಲ.

ಆ ನೀರನ್ನು ದಿನವಿಡೀ ಪಾತಿಗಳಿಗೆ ತಿರುಗಿಸುತ್ತಿದ್ದವಳು ಅವರ ಹೆಂಡತಿ, ದೊಡ್ಡಮ್ಮ ಅಶ್ವತ್ಥಮ್ಮ. ೧೯೪೩ರಲ್ಲಿ ಅವಳು ಹಾಸಿಗೆ ಹಿಡಿದಳು. ತೀರಿಕೊಳ್ಳುವ ಹಿಂದಿನ ದಿನ ದೊಡ್ಡಪ್ಪ ಪಕ್ಕದಲ್ಲಿ ಕೂತು, ಅವಳ ಎದೆ ಏರಿಳಿಯುವುದನ್ನು ಮೊದಲ ಸಲ ಗಮನವಿಟ್ಟು ನೋಡಿದರು. ಉಸಿರು ಅರ್ಧಕ್ಕೇ ಸಿಕ್ಕಿಕೊಂಡು ಸುಯ್‌ಗುಡುತ್ತಿತ್ತು.

“ಯಾವಾಗಿಂದ ಹಿಂಗೆ?” ಅಂದರು.

“ಆ ಸನ್ಯಾಸಿ ಬಂದಿದ್ರಲ್ಲ, ಆ ವರ್ಷದಿಂದ,” ಅಂದಳು ದೊಡ್ಡಮ್ಮ.