ಹೊಳೆಗೆ ಹೊರಟ ಬಾವಿ ಮೀನು

ಸುಗ್ರಾಬಿ ರೊಟ್ಟಿ ಚೂರು ಹಾಕಿದರೆ ಸಾಕು, ಬಾವಿಯ ಮೀನುಗಳೆಲ್ಲ ಮೇಲೆ ಬರುತ್ತಿದ್ದವು. ಕಿರುಬೆರಳಿನಷ್ಟು ಮೀನು, ಪಕ್ಕೆಗೆ ನೀಲಿ ಗೆರೆ. ಮದುವೆಯಾದ ವರ್ಷ ಗಂಡ ಲಾಲ್ ಸಾಬ್ ಹರಿಹರದ ಹೊಳೆಯಿಂದ ಹಿಡಿದು ತಂದು, ಸೊಳ್ಳೆಮರಿ ತಿನ್ನಲಿ ಎಂದು ಬಿಟ್ಟಿದ್ದ. ಅವು ಅಲ್ಲೇ ಮರಿ ಮಾಡಿಕೊಂಡು ಬೆಳೆದವು. ಇವರಿಗೆ ಮಾತ್ರ ಮಕ್ಕಳಾಗಲಿಲ್ಲ.

ದಾವಣಗೆರೆಯ ಓಣಿ ಓಣಿ ತಿರುಗಿ ತಾಮ್ರದ ಪಾತ್ರೆಯ ಒಳಮೈಗೆ ತವರದ ಕಲಾಯಿ ಹಾಕುತ್ತಿದ್ದ ಲಾಲ್ ಸಾಬ್ ತೀರಿಕೊಂಡ ಮೇಲೆ ಅವಳ ಮಾತಿಗೆ ಸಿಕ್ಕಿದ್ದು ಆ ಮೀನುಗಳೇ. ಜೋಳ ತುಟ್ಟಿಯಾದದ್ದು, ಮೊಣಕಾಲು ನೋವು, ಎಲ್ಲವನ್ನೂ ಬಾವಿಕಟ್ಟೆಗೆ ಒರಗಿ ಹೇಳುತ್ತಿದ್ದಳು. ಓಣಿಯವರು ನಗುತ್ತಿದ್ದರು. ನಗಲಿ ಬಿಡಿ, ನಗುವವರ ಮನೆ ತುಂಬ ಜನರಿದ್ದರು.

1960ರ ಆಸುಪಾಸಿನಲ್ಲಿ ಓಣಿಗೆ ನಲ್ಲಿ ಬಂತು. ವಠಾರದ ಮಾಲೀಕ ತೋಟಪ್ಪ ಬಂದು, "ಇನ್ನ ಬಾವಿ ಯಾಕ ಬೇಕು, ಸುಗ್ರಾಬಿ? ನಾಳೆ ಮುಚ್ಚಿಸ್ತೀನಿ," ಎಂದ.

"ಮುಚ್ಚಿಸ್ರಿ. ಮೀನು ತಗಳ್ಳಾಕ ಒಂದು ಹೊತ್ತು ಬಿಡ್ರಿ. ಜೀವ ಅದಾವು."

ಹರಿಹರದ ಹೊಳೆಗೇ ಬಿಟ್ಟು ಬರೋಣವೆಂದು, ಬುಟ್ಟಿಯಲ್ಲಿ ರೊಟ್ಟಿಯಿಟ್ಟು ಇಳಿಬಿಟ್ಟು ಅಷ್ಟನ್ನೂ ಹಿಡಿದಳು. ತವರಿಗೆ ಹೊರಟವರನ್ನು ಮಣ್ಣಿನ ಗಡಿಗೆಯಲ್ಲಿ ಕಳಿಸುವುದೇ? ಮದುವೆಯಲ್ಲಿ ಬಂದ ತಾಮ್ರದ ಕೊಡ ತೆಗೆದಳು. ಅದರ ಕಲಾಯಿ ಎಂದೋ ಹೋಗಿತ್ತು, ಹಾಕುವವನೂ ಇರಲಿಲ್ಲ. ಹುಣಸೆಹಣ್ಣು ತಿಕ್ಕಿ ಒಳಗೂ ಹೊರಗೂ ಥಳಥಳ ಬೆಳಗಿದಳು. ಕಲಾಯಿಯಿಲ್ಲದ ತಾಮ್ರದಲ್ಲಿ ಮೊಸರು ಇಡಬ್ಯಾಡ್ರಿ ಎಂದು ಓಣಿಗೆಲ್ಲ ಹೇಳುತ್ತಿದ್ದವಳು ಅವಳೇ. ಬರೀ ನೀರಿಗೇನಾದೀತು ಅಂದುಕೊಂಡಳು.

ರೈಲಿನಲ್ಲಿ ಕೊಡ ಮಡಿಲಲ್ಲಿತ್ತು, ಬಾಯಿಗೆ ತೆಳು ಬಟ್ಟೆ. ಒಳಗೆ ಮೀನು ಪಟಪಟ ಬಡಿಯುವುದು ಕೈಗೆ ತಿಳಿಯುತ್ತಿತ್ತು. "ಹೊಳಿ ವಾಸನಿ ಬಡೀತೇನ್ರೇ? ತಡೀರಿ, ಬಂತು," ಎಂದು ಕೊಡ ಸವರಿದಳು. ಹರಿಹರ ಹತ್ತಿರವಾಗುವಾಗ ಸದ್ದು ನಿಂತಿತು. ದಣಿದಿರಬೇಕು ಅಂದುಕೊಂಡಳು.

ಹೊಳೆಗಿಳಿದು ಕೊಡ ಬಗ್ಗಿಸಿದಳು. ಮೀನುಗಳು ಹೊಟ್ಟೆ ಮೇಲಾಗಿ ತೇಲಿ ಹೋದವು. ಒಂದೂ ಬಾಲ ಆಡಿಸಲಿಲ್ಲ. ಕಲಾಯಿ ಹೋದ ತಾಮ್ರಕ್ಕೆ ಹುಳಿ ತಾಗಿದರೆ ಅದರೊಳಗಿನ ನೀರೂ ಮೀನಿಗೆ ವಿಷವೇ. ಕಲಾಯಿಯವನ ಹೆಂಡತಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ನೀರಲ್ಲೇ ಕೂತು, ಗಂಡ ಸತ್ತಾಗ ಅಳದಷ್ಟು ಅತ್ತಳು.

ಮನೆಗೆ ಬರುವಷ್ಟರಲ್ಲಿ ಬಾವಿಗೆ ಮಣ್ಣು ಬಿದ್ದಿತ್ತು. ಪಕ್ಕದ ಮನೆ ತಿಮ್ಮವ್ವ ಕೇಳಿದಳು: "ಬಿಟ್ಟು ಬಂದೇನವ್ವಾ? ಹೆಂಗ ಹೋದ್ವು?"

"ಹೋದ್ವು ತಿಮ್ಮವ್ವ. ಹಿಂದ ತಿರುಗಿ ಸೈತ ನೋಡ್ಲಿಲ್ಲ."

"ಮಕ್ಕಳೂ ಹಂಗಾ ಬಿಡು," ಎಂದು ನಕ್ಕು ತಿಮ್ಮವ್ವ ಒಳಗೆ ಹೋದಳು.

ಆದದ್ದನ್ನು ಸುಗ್ರಾಬಿ ಯಾರಿಗಾದರೂ ಹೇಳಲೇಬೇಕಿತ್ತು. ಅವಳು ಎಲ್ಲವನ್ನೂ ಹೇಳುತ್ತಿದ್ದುದು ಆ ಮೀನುಗಳಿಗೇ.