ಮಾವನ ಮೂಗು ಮತ್ತು ಅವರೆಕಾಯಿಯ ಸೊಗಡು

ಮೊನ್ನೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಪಕ್ಕ ತಳ್ಳುಗಾಡಿಯಲ್ಲಿ ಅವರೆಕಾಯಿ ರಾಶಿ ಕಂಡೆ. ಅವರೆಕಾಯಿ ಕಂಡರೆ ನಮ್ಮ ಕಡೆಯವರು ಬೆಲೆ ಕೇಳುವ ಮೊದಲು ಒಂದು ಹಿಡಿ ಎತ್ತಿ ಮೂಗಿಗೆ ಹಿಡಿಯುತ್ತಾರೆ. ನಾನೂ ಹಿಡಿದೆ. ಏನೂ ಬರಲಿಲ್ಲ. ಇನ್ನೊಂದು ಹಿಡಿ ಎತ್ತಿದೆ, ಅದೂ ಅಷ್ಟೆ.

ನನ್ನ ಪೆಚ್ಚುಮುಖ ನೋಡಿ ಗಾಡಿಯಾಕೆಯೇ ಸಮಾಧಾನ ಹೇಳಿದಳು. "ಈಗೆಲ್ಲ ಐಬ್ರೀಡು ಸಾ, ಸೊಗಡು ಎಲ್ಲಿಂದ ಬಂದಾದು?"

ಸೊಗಡು ಎಂದರೆ ಸಿಪ್ಪೆಯ ಆ ಜಿಡ್ಡು ಜಿಡ್ಡಾದ ಪರಿಮಳ. ಅದಿಲ್ಲದ್ದನ್ನು ನಮ್ಮವರು ಅವರೆಕಾಯಿ ಎಂದೇ ಲೆಕ್ಕಕ್ಕಿಡುವುದಿಲ್ಲ. ಮೊದಲಾಗಿದ್ದರೆ ಆಕೆಯ ಮಾತಿಗೆ ಖುಷಿಯಿಂದ ತಲೆಯಾಡಿಸಿ, ಕಾಲ ಕೆಟ್ಟಿತೆಂದು ನಾಲ್ಕು ಮಾತು ಸೇರಿಸುತ್ತಿದ್ದೆ. ಮೊನ್ನೆ ಎದೆ ಧಸಕ್ಕೆಂದಿತು. ಅದಕ್ಕೆ ಕಾರಣ ನಮ್ಮ ಮಾಂಬಳ್ಳಿ ಮಾವ.

ಮಾವ ಎಂದರೆ ನನ್ನ ತಾಯಿಯ ತಮ್ಮ. ಅವರ ಮೂಗು ನಮ್ಮ ಬಳಗಕ್ಕೆ ಹೈಕೋರ್ಟು. ತುಪ್ಪ, ಕಾಫಿಪುಡಿ, ಹೆಣ್ಣು ನೋಡಲು ಹೋದ ಮನೆಯ ಸಾರು, ಎಲ್ಲದರ ತೀರ್ಪೂ ಅಲ್ಲೇ ಆಗಬೇಕು. ಯಳಂದೂರಿನ ಸಂತೆಯಲ್ಲಿ ಅವರು ಕಾಯಿ ಮೂಸಿ "ಇದು ಮಂಜು ಕುಡ್ದಿಲ್ಲ ಕಣವ್ವ" ಎಂದು ಕೆಳಗಿಟ್ಟರೆ, ಹಿಂದೆ ನಿಂತ ಗಿರಾಕಿಗಳೂ ಮುಂದಿನ ಅಂಗಡಿಗೆ ನಡೆಯುತ್ತಿದ್ದರು.

ಅಂಥ ಮಾವ ಒಂದು ಚಳಿಗಾಲ "ಸೊಗಡೇ ಇಲ್ಲ ಕಣ್ಲಾ" ಎಂದರು. ನಾವೆಲ್ಲ ಎಷ್ಟು ಸಂತೋಷದಿಂದ ಒಪ್ಪಿದೆವು ಗೊತ್ತೆ? ಹೈಬ್ರೀಡ್ ಬೀಜ, ಯೂರಿಯಾ, ಮಂಜು ಬೀಳದ ಮಾಗಿ. ನಾನಂತೂ ಮದುವೆಮನೆಯೊಂದರಲ್ಲಿ ಪಂಕ್ತಿಗೆ ಕೂತವರಿಗೆ ಪಾಯಸ ಬರುವವರೆಗೂ ಇದೇ ಭಾಷಣ ಬಿಗಿದೆ. ಆಮೇಲೆ ಮಾವನಿಗೆ ಕಾಫಿ ಘಮವೆನಿಸಲಿಲ್ಲ, ಚಿಕೋರಿಯನ್ನು ಬೈದೆವು. ಮಲ್ಲಿಗೆ ಬರೀ ಬಿಳಿ ಹೂವಾಯಿತು. ಔಷಧಿ ಹೊಡೆಯುವವರನ್ನು ಬೈದೆವು. ಅತ್ತೆಯ ಸಾರಿಗೆ ವಾಸನೆಯೇ ಇಲ್ಲವೆಂದರು. ಅತ್ತೆ ಮಾತು ಬಿಟ್ಟರು. ಲೋಕವೆಲ್ಲ ಕೆಟ್ಟಿದೆ ಎಂದು ನಂಬಲು ನಮಗೇನೂ ಕಷ್ಟವಾಗಲಿಲ್ಲ. ಒಂದು ಮೂಗು ಕೆಟ್ಟಿರಬಹುದು ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಒಮ್ಮೆ ಅತ್ತೆ ಹುರುಳಿಸಾರನ್ನು ಒಲೆಯ ಮೇಲಿಟ್ಟು ಹಿತ್ತಿಲಿಗೆ ಹೋಗಿದ್ದರು. ಮಾವ ಪಕ್ಕದಲ್ಲೇ ಪೇಪರ್ ಓದುತ್ತಿದ್ದರು. "ಅಯ್ಯೋ, ತಳ ಇಡ್ದು ಬೀದಿಗೆಲ್ಲ ನಾತ ಒಡೀತಾ ಅದೆ, ಗೊತ್ತಾಗ್ನಿಲ್ವಾ?" ಎಂದು ಅತ್ತೆ ಓಡಿಬಂದರೆ, "ಏನು?" ಎಂದು ತಲೆಯೆತ್ತಿದರಂತೆ. ಗಂಡಸರ ಪೇಪರ್ ಹುಚ್ಚು ಎಂದು ಅದಕ್ಕೂ ನಕ್ಕೆವು.

ಕೆಲವು ವರ್ಷಗಳ ಮೇಲೆ ಮಾವನ ಬಲಗೈ ನಡುಗತೊಡಗಿತು. ನಡಿಗೆ ನಿಧಾನವಾಯಿತು. ಗದ್ದೆಯ ಬದುವಿನಲ್ಲಿ ಬಿದ್ದು ಎಡಗೈ ಮುರಿದುಕೊಂಡ ಮೇಲೆ ಮೈಸೂರಿಗೆ, ನರರೋಗದ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಕೈ ನೋಡಿದರು, ನಡೆಸಿ ನೋಡಿದರು. ಕೊನೆಗೆ ಕೇಳಿದ್ದು ಮೂಗಿನ ವಿಷಯ: "ವಾಸನೆ ಗೊತ್ತಾಗೋದು ಯಾವಾಗ ನಿಂತುಹೋಯ್ತು?"

"ನನ್ ಮೂಗು ಸರ್ಯಾಗೇ ಅದೆ ಸಾ. ಸೊಗಡು ಓಗಿರಾದು ಅವರೆಕಾಯ್ದು," ಎಂದರು ಮಾವ.

ಡಾಕ್ಟರು ನಗಲಿಲ್ಲ. ಕಣ್ಣು ಮುಚ್ಚಿಸಿ ಸೋಪು, ಕಾಫಿಪುಡಿ ಮೂಸಿಸಿದರು. ಎರಡಕ್ಕೂ ಮಾವನದು ಒಂದೇ ಉತ್ತರ: "ಏನೂ ಇಲ್ವಲ್ಲ ಸಾ." ಮಾವನಿಗೆ ಬಂದಿರುವುದು ಪಾರ್ಕಿನ್ಸನ್ ಕಾಯಿಲೆ ಎಂದರು. ಅದು ಬರುವ ಕೆಲವರಿಗೆ ಕೈ ನಡುಗುವುದಕ್ಕೆ ಎಷ್ಟೋ ವರ್ಷ ಮೊದಲೇ ವಾಸನೆ ಹೋಗುತ್ತದಂತೆ. ವಾಸನೆ ಹೋದವರಿಗೆಲ್ಲ ಅದೇ ಕಾಯಿಲೆಯಲ್ಲ. ನೆಗಡಿ, ಕೋವಿಡ್, ವಯಸ್ಸು, ಕಾರಣ ಹತ್ತಾರು. ಆದರೆ ಕಾರಣ ತಿಳಿಯದಿದ್ದರೆ ಸುಮ್ಮನಿರದೆ ತೋರಿಸಬೇಕು ಎಂದರು. ಮೊದಲೇ ಬಂದಿದ್ದರೂ ಕಾಯಿಲೆ ನಿಲ್ಲುತ್ತಿರಲಿಲ್ಲ. ಬದುವಿನಲ್ಲಿ ಬೀಳುವುದಾದರೂ ತಪ್ಪುತ್ತಿತ್ತೇನೋ. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಮೊನ್ನೆ ಆ ಅವರೆಕಾಯಿ ಕೊಂಡು ನೇರ ಮಾಂಬಳ್ಳಿಯ ಬಸ್ ಹತ್ತಿದೆ. ಈಗ ಆ ಮನೆಯಲ್ಲಿ ಮೂಗೆಂದರೆ ಅತ್ತೆಯದು. ಅವರು ಚೀಲ ಬಿಚ್ಚಿದರು, ಒಂದು ಹಿಡಿ ಎತ್ತಿ ಮೂಸಿದರು.

"ಎಷ್ಟ್ ಘಮ್ ಅಂತದೆ! ಎಲ್ ಸಿಕ್ತಪ್ಪ ಇದು?"

ನಾನೂ ಒಂದು ಹಿಡಿ ಎತ್ತಿ ಮತ್ತೆ ಮೂಗಿಗೆ ಹಿಡಿದೆ. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು. "ನಿಂಗೆ ಬರ್ನಿಲ್ವಾ?"

"ನೆಗಡಿ ಮಾವ," ಎಂದೆ. ನನಗೆ ನೆಗಡಿ ಇರಲಿಲ್ಲ.

ಮಾವ ಮುಂದೆ ಬಾಗಿ ನನ್ನ ಕೈ ಹಿಡಿದುಕೊಂಡರು. "ನಾಳೆನೇ ಡಾಕ್ಟ್ರತ್ರ ಓಗು ಕಣ್ಲಾ. ನನ್ನಂಗೆ ಅವರೆಕಾಯ್ ಬೈಕಂಡು ಕೂತ್ಕಬೇಡ."

ಆಯಿತು ಎಂದೆ. ಮಾವ ಕೈ ಬಿಡಲಿಲ್ಲ. ಅವರ ಕೈಯ ಜೊತೆ ನನ್ನ ಕೈಯೂ ನಡುಗುತ್ತಿತ್ತು.