ಹಾರವಿಲ್ಲದ ಚಿತ್ರ

ಹಳೆಯ ಹತ್ತಿ ಸೀರೆಯ ಗಂಟು ಬಿಚ್ಚಿದ ಕೂಡಲೇ ಅಗಸೆ ಎಣ್ಣೆಯ ವಾಸನೆ ಬಂತು. ಮೇಲೆ ನುಸಿಗುಳಿಗೆಯ ಘಾಟಿದ್ದರೂ ಅಡಿಯಲ್ಲಿ ಅದೇ ಬಣ್ಣದ ವಾಸನೆ. ಗಂಟಿನಲ್ಲಿದ್ದ ಪುಟ್ಟ ಹುಡುಗಿಯ ಚಿತ್ರವನ್ನು ಭದ್ರಾವತಿಯಿಂದ ತಂದುಕೊಟ್ಟವನು ನಮ್ಮ ಹಳೆಯ ಪಕ್ಕದ ಮನೆ ಅತ್ತೆಯ ತಮ್ಮನ ಮಗ. "ಅತ್ತೆ ಹೋಗೋಕೆ ಮುಂಚೆ ಹೇಳಿದ್ರು ಅಕ್ಕ, ಇದು ನಿಮಗೇ ಸೇರ್ಬೇಕು ಅಂತ. ಚಿಕ್ಕವರಿದ್ದಾಗ ಎಷ್ಟು ಮುದ್ದಾಗಿದ್ರಿ ನೀವು!" ಅಂದ. ಅದು ನಾನಲ್ಲ ಅನ್ನಲು ಬಾಯಿ ತೆರೆದೆ... ಅಲ್ಲವೇ ಅಲ್ಲ ಅನ್ನುವುದೂ ಸುಳ್ಳೇ. ಕಾಫಿ ಕೊಟ್ಟು ಕಳಿಸಿದೆ.

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಅವರ ಒಗ್ಗರಣೆಗೆ ನಾವು ಸೀನುತ್ತಿದ್ದೆವು. ರಕ್ತಸಂಬಂಧವೇನೂ ಇರಲಿಲ್ಲ. ಅಮ್ಮ ಅವರನ್ನು ಅತ್ತಿಗೆ ಅನ್ನುತ್ತಿದ್ದಳು, ಹಾಗಾಗಿ ನನಗೆ ಅತ್ತೆ. ಅವರಿಗೊಬ್ಬಳೇ ಮಗಳು, ನನ್ನದೇ ವಯಸ್ಸು. ಇಬ್ಬರೂ ಎರಡನೇ ಕ್ಲಾಸಿನಲ್ಲಿದ್ದಾಗ ಮಾಘ ಮಾಸದಲ್ಲಿ ಜ್ವರ ಬಂದು ಅವಳು ಹೋಗಿಬಿಟ್ಟಳು.

ಅವಳದೊಂದು ಫೋಟೋ ಕೂಡ ಇರಲಿಲ್ಲ. ಚಿಕ್ಕ ಮಕ್ಕಳ ಫೋಟೋ ತೆಗೆದರೆ ಆಯಸ್ಸು ಕಮ್ಮಿಯಾಗುತ್ತದೆ ಎಂದು ಅತ್ತೆಯ ಅತ್ತೆ ತೆಗೆಸಲು ಬಿಟ್ಟಿರಲಿಲ್ಲ. ಹತ್ತು ತುಂಬಲಿ, ಆಮೇಲೆ ನೋಡೋಣ ಅಂದಿದ್ದರಂತೆ.

ಶಿವಮೊಗ್ಗದ ಕೋಟೆ ಕಡೆ ಒಬ್ಬ ಚಿತ್ರಗಾರರಿದ್ದರು. ದೇವರ ಪಟ, ಹಿರಿಯರ ಚಿತ್ರ ಬರೆದುಕೊಡುತ್ತಿದ್ದವರು. ಅತ್ತೆಯ ಗಂಡ ಅವರನ್ನು ಕರೆತಂದರು. "ಮುಖ ನೋಡದೆ ಹೇಗಮ್ಮ ಬರೀಲಿ? ಅದೇ ವಯಸ್ಸಿನ ಮಗು ಒಂದನ್ನ ಕೂರಿಸಿ. ವ್ಯತ್ಯಾಸ ನೀವು ಹೇಳ್ತಾ ಹೋಗಿ, ನಾನು ತಿದ್ತಾ ಹೋಗ್ತೀನಿ" ಅಂದರಂತೆ ಅವರು.

ಅತ್ತೆ ನಮ್ಮ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತದ್ದು ಕಣ್ಣಿಗೆ ಕಟ್ಟಿದಂತಿದೆ. ಕೇಳಬೇಕಾದ್ದನ್ನು ಕೇಳಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತರು. ಅಮ್ಮ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದಳು.

"ಕೂರಿಸ್ಕೊಳ್ಳಿ ಅತ್ತಿಗೆ. ಆದ್ರೆ ಆ ಚಿತ್ರಕ್ಕೆ ಹಾರ ಹಾಕ್ಬಾರ್ದು, ಮುಂದೆ ದೀಪ ಇಡ್ಬಾರ್ದು. ಕೂತಿರೋಳು ನನ್ನ ಮಗಳು."

"ಇಲ್ಲ ಕಣ್ರೀ, ಹಾಕಲ್ಲ" ಅಂದರು ಅತ್ತೆ.

ತಮ್ಮ ಮಗಳ ಹಸಿರು ಲಂಗ ಉಡಿಸಿ ನನ್ನನ್ನು ಕುರ್ಚಿಯ ಮೇಲೆ ಕೂರಿಸಿದರು. ನಾನು ಮಿಸುಕಿದಾಗಲೆಲ್ಲ ಚಿತ್ರಗಾರರು ಗದರುತ್ತಿದ್ದರು: "ಅಲ್ಲಾಡ್ಬೇಡ ಮಾರಾಯ್ತಿ, ಮೂಗು ಹೋಗಿ ಕಿವಿ ಹತ್ರ ಕೂತ್ಕೊಳುತ್ತೆ!" ಅತ್ತೆ ಅವರ ಬೆನ್ನ ಹಿಂದೆ ನಿಂತು ಹೇಳುತ್ತಿದ್ದರು. ಹಣೆ ಇನ್ನೂ ಅಗಲ... ಹುಬ್ಬು ಇಷ್ಟು ದಪ್ಪ ಇರಲಿಲ್ಲ... ಗಲ್ಲದಲ್ಲಿ ಸಣ್ಣ ಗುಳಿ. ಅವರು ಬಟ್ಟೆಯಿಂದ ಒರೆಸಿ ಮತ್ತೆ ಬರೆಯುತ್ತಿದ್ದರು. ಕಣ್ಣಿನ ಸರದಿ ಬಂತು. ಚಿತ್ರಗಾರರು ಕೇಳಿದಾಗ ಅತ್ತೆ ನನ್ನನ್ನೇ ನೋಡುತ್ತಾ, "ಕಣ್ಣು... ಹಾಗೇ ಇರ್ಲಿ" ಅಂದರು.

ಎಂಥ ಚಿತ್ರ ಅದು! ಕಿಟಕಿಯ ಬೆಳಕು ಒಂದು ಕೆನ್ನೆಗೆ ಮಾತ್ರ ಬಿದ್ದಿದೆ. ಇನ್ನೊಂದು ಕೆನ್ನೆಯ ನೆರಳಿಗೆ ಕಪ್ಪು ಬಳಿದಿಲ್ಲ, ಜೇನಿನಂಥ ಕಂದು ಬಣ್ಣ. ಒಂದು ಕೈ ಕುರ್ಚಿಯ ತೋಳಿನ ಮೇಲೆ, ಇನ್ನೊಂದು ಕೈಯ ಬೆರಳುಗಳು ಲಂಗದ ಅಂಚನ್ನು ಚಿವುಟಿ ಹಿಡಿದಿವೆ. ಏನೋ ಕೇಳಲು ಹೊರಟಂತೆ ತುಟಿ ಕೊಂಚ ತೆರೆದಿದೆ. ಎಲ್ಲಕ್ಕಿಂತ ಆ ಪಾದಗಳು... ನೆಲಕ್ಕೆ ಎಟುಕದೆ ಹಾಗೇ ಇಳಿಬಿದ್ದಿವೆ.

ಅಷ್ಟು ಚಿಕ್ಕ ಮಗುವಿಗೆ ಶ್ರಾದ್ಧವಿಲ್ಲ. ಅವಳಿಗಾಗಿ ಅತ್ತೆ ಮಾಡಬಹುದಾಗಿದ್ದುದು ಒಂದು ಹಾರ ಹಾಕುವುದಷ್ಟೇ, ಅದನ್ನೂ ಮಾಡುವುದಿಲ್ಲವೆಂದು ಮಾತು ಕೊಟ್ಟುಬಿಟ್ಟಿದ್ದರು. ಪ್ರತಿ ಮಾಘದಲ್ಲೂ ಅವಳು ಹೋದ ದಿನ ಕಾಕಡ ಮಲ್ಲಿಗೆ ಕಟ್ಟಿ, ಚಿತ್ರದ ಮುಂದೆ ಹಿಡಿದು ನಿಲ್ಲುತ್ತಿದ್ದರು. ಆಮೇಲೆ ನನ್ನನ್ನು ಕರೆಯುತ್ತಿದ್ದರು. "ಒಂಚೂರು ತಿರುಗು ಪುಟ್ಟಿ" ಅಂದು ಆ ಹೂವನ್ನು ನನ್ನ ಜಡೆಗೆ ಮುಡಿಸುತ್ತಿದ್ದರು. ಬೆರಳು ತಣ್ಣಗಿರುತ್ತಿತ್ತು. ಎದುರಿಗೆ ಚಿತ್ರದಲ್ಲಿ ನನ್ನ ಕಣ್ಣುಗಳೇ ನನ್ನನ್ನು ನೋಡುತ್ತಿದ್ದವು. ಮನೆಗೆ ಬಂದರೆ ಅಮ್ಮ ಏನೂ ಕೇಳದೆ ಹೂ ತೆಗೆದು ನನ್ನ ತಲೆಗೆ ನೀರು ಹಾಕುತ್ತಿದ್ದಳು. ಅತ್ತೆಗೆ ಮಾತ್ರ ಒಂದು ಮಾತೂ ಅನ್ನಲಿಲ್ಲ.

ಹಾರವಿಲ್ಲದ್ದರಿಂದ ಬಂದವರು ಚಿತ್ರ ನೋಡಿ, ಮಗಳಾ, ಯಾವ ಕ್ಲಾಸು ಅಂತ ಕೇಳುತ್ತಿದ್ದರು. ಅತ್ತೆಯ ಉತ್ತರ ಗೋಡೆಯಾಚೆಯಿಂದ ನನಗೆ ಕೇಳಿಸುತ್ತಿತ್ತು: "ಐದನೇ ಕ್ಲಾಸು." ನಾನಾಗ ಐದನೇ ಕ್ಲಾಸಿನಲ್ಲಿದ್ದೆ.

ಅತ್ತೆ ಆಗಾಗ ಅನುಮತಿ ಕೇಳಿದ್ದೂ ಉಂಟು. "ಈಗಲಾದ್ರೂ ಒಂದು ಹಾರ ಹಾಕ್ಲೇನ್ರೀ?" ಮೊದಲು ಅಮ್ಮ, ದೊಡ್ಡವಳಾಗಲಿ ಅಂದಳು. ಆಮೇಲೆ ಮದುವೆಯಾಗಲಿ. ಆಮೇಲೆ, "ಬಸುರಿ ಹುಡುಗಿ ಅತ್ತಿಗೆ, ಬಾಣಂತನ ಮುಗೀಲಿ." ಅದಾದ ನಂತರ ಅವರೇ ಕೇಳುವುದನ್ನು ಬಿಟ್ಟರು.

ಅಮ್ಮ ತೀರಿಕೊಂಡ ವರ್ಷ ಅತ್ತೆಯನ್ನು ನೋಡಲು ಹೋಗಿದ್ದೆ. ಆಗಲೂ ಚಿತ್ರ ಬರಿದಾಗಿತ್ತು. "ಇನ್ನು ಹಾಕಿ ಅತ್ತೆ, ನಾನೇ ಹೇಳ್ತಿದೀನಲ್ಲ" ಅಂದೆ.

"ಹೋಗೇ, ನೀನು ಯಾರು ಹೇಳೋಕೆ? ಮಾತು ಕೊಟ್ಟಿದ್ದು ನಿಮ್ಮಮ್ಮಂಗೆ. ಅವಳಿಲ್ಲ ಅಂತ ಮುರಿಯೋಕಾಗುತ್ತಾ?" ಅಂದು ನಕ್ಕರು. ನಗುತ್ತಲೇ ಸೆರಗನ್ನು ಕಣ್ಣಿಗೊತ್ತಿಕೊಂಡರು. ಅದೇ ಕೊನೆಯ ಭೇಟಿ...

ಚಿತ್ರವನ್ನು ನಮ್ಮ ನಡುಮನೆಯ ಗೋಡೆಗೆ ತೂಗುಹಾಕಿದೆ. ಮೊನ್ನೆ ಮಾಘದ ಆ ದಿನ ಬಂತು. ಹೂವಿನವಳ ಹತ್ತಿರ ಕಾಕಡ ಕೊಂಡು ತಂದೆನೇ ಹೊರತು ಏನು ಮಾಡಬೇಕೆಂದು ತೋಚಲಿಲ್ಲ. ಕೈಯಲ್ಲಿ ಹಿಡಿದು ನಿಂತಿದ್ದಾಗ ಪಕ್ಕದ ಮನೆಯ ಹುಡುಗಿ ಪಾತ್ರೆ ವಾಪಸ್ ಕೊಡಲು ಬಂದಳು. ಚಿತ್ರದ ಕೆಳಗೆ ನಿಂತು ಕತ್ತೆತ್ತಿ ನೋಡಿದಳು.

"ಆಂಟಿ, ಇವಳು ಯಾವ ಸ್ಕೂಲು?"

ಎರಡು ಪುಟ್ಟ ಜಡೆ, ಖಾಲಿ ಜಡೆ. "ಒಂಚೂರು ತಿರುಗು ಪುಟ್ಟಿ" ಅಂದೆ. ಅವಳು ತಿರುಗಿದಳು. ಹೂ ಹಿಡಿದ ಕೈ ಜಡೆಯವರೆಗೂ ಹೋಯಿತು. ನನ್ನ ಬೆರಳುಗಳು ತಣ್ಣಗಿರುವುದು ಆಗ ಗೊತ್ತಾಯಿತು.

"ಹೂ ನಂಗಾ ಆಂಟಿ?"

"ನಿಂಗಲ್ಲ ಮಾರಾಯ್ತಿ. ಓಡು, ಅಮ್ಮ ಕಾಯ್ತಿರ್ತಾಳೆ."

ಅವಳು ಗೇಟು ದಾಟುವವರೆಗೂ ನೋಡುತ್ತಾ ನಿಂತಿದ್ದೆ. ಆಮೇಲೆ ಸ್ಟೂಲು ಹತ್ತಿ ಚಿತ್ರಕ್ಕೆ ಹೂ ಹಾಕಿದೆ. ಅತ್ತೆಯೂ ಇಲ್ಲ, ಅಮ್ಮನೂ ಇಲ್ಲ. ಬೇಡ ಅನ್ನುವವರು ಯಾರೂ ಇರಲಿಲ್ಲ.